ಗಳಿಗೆ ಬಟ್ಟಲು

ಹೊಳೆಯ ದಡದಲ್ಲಿ ಒಂದು ವಿದ್ಯಾಪೀಠವಿತ್ತು. ಆಚೆ ಗಣಿತಶಾಲೆ, ಈಚೆ ಸಂಗೀತಶಾಲೆ. ಬಂದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದರು.

ಬೊಮ್ಮಣ್ಣನೊಬ್ಬ ಎರಡೂ ಬೇಕೆಂದ. ಗುರು ಅವಿಮುಕ್ತರು ಬೇಡವೆನ್ನಲಿಲ್ಲ.

ಅವನನ್ನು ಕಂಡರೆ ಗಣಿತಶಾಲೆಯ ಶ್ರೀಕರನಿಗೆ ಆಗುತ್ತಿರಲಿಲ್ಲ. ಏಳು ವರ್ಷ ಶ್ರೀಕರ ಗಣಿತ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಬೊಮ್ಮಣ್ಣನೋ, ಬೆಳಗ್ಗೆ ಲೆಕ್ಕ ಮಾಡಿ ಸಂಜೆ ತೊಡೆಯ ಮೇಲೆ ತಾಳ ತಟ್ಟಿಕೊಂಡು ಹಾಡುವವನು. ಆದರೂ ಇಬ್ಬರ ಉತ್ತರ ಪ್ರತಿಸಲ ಒಂದೇ ಬರುತ್ತಿತ್ತು. ಸಹಿಸುವುದಾದರೂ ಹೇಗೆ?

“ಎರಡು ದೋಣಿಯ ಮೇಲೆ ಕಾಲಿಟ್ಟವನು ನಡುನೀರಲ್ಲಿ ಮುಳುಗ್ತಾನೆ, ನೋಡ್ತಿರು,” ಎಂದು ಒಂದು ದಿನ ಶ್ರೀಕರ ಚುಚ್ಚಿದ.

“ಮುಳುಗಿದರೆ ಈಜ್ತೀನಿ ಬಿಡಪ್ಪ,” ಎಂದು ಬೊಮ್ಮಣ್ಣ ನಕ್ಕ.

ಆ ನಗು ಗಾಯದ ಮೇಲೆ ಬರೆ ಎಳೆದಂತಾಯಿತು.

ಆ ವರ್ಷ ಸೂರ್ಯಗ್ರಹಣ ಬಂತು. ಗ್ರಹಣ ಹಿಡಿಯುವ ಗಳಿಗೆಗೆ ಸರಿಯಾಗಿ ಪೀಠದ ಶಿಷ್ಯನೊಬ್ಬ ಶಂಖ ಊದಬೇಕು. ಊದಿದೊಡನೆ ದಡದಲ್ಲಿ ನೆರೆದ ಜನ ಸ್ನಾನಕ್ಕೆ ಇಳಿಯುತ್ತಾರೆ. ಸರಿಯಾದ ಹೊತ್ತಿಗೆ ಊದಿದವನೇ ಮುಂದೆ ಗಣಿತಶಾಲೆಯ ಉಪಾಧ್ಯಾಯ. ಅದು ಅಲ್ಲಿಯ ರೂಢಿ. ಶ್ರೀಕರ ಏಳು ವರ್ಷ ಕಾದದ್ದು ಅದಕ್ಕೇ.

ಹೊತ್ತು ಹುಟ್ಟಿ ಹನ್ನೊಂದು ಗಳಿಗೆಗೆ ಗ್ರಹಣ ಎಂದು ಅವನು ಲೆಕ್ಕ ಒಪ್ಪಿಸಿದ. ಬೊಮ್ಮಣ್ಣನೂ ಅದನ್ನೇ ಒಪ್ಪಿಸಿದ. ಗುರುಗಳು ಶಂಖವನ್ನು ಬೊಮ್ಮಣ್ಣನ ಕೈಗಿಟ್ಟರು.

ಶ್ರೀಕರನ ಹೊಟ್ಟೆಗೆ ಬೆಂಕಿ ಬಿತ್ತು. ಅಂದು ಅನ್ನ ಸೇರಲಿಲ್ಲ.

ಹೊತ್ತು ಅಳೆಯಲು ಅಲ್ಲೊಂದು ತಾಮ್ರದ ಗಳಿಗೆ ಬಟ್ಟಲಿತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತು. ಹಂಡೆಯ ನೀರಿನಲ್ಲಿ ತೇಲಿಬಿಟ್ಟರೆ ಮೆಲ್ಲಗೆ ತುಂಬಿ ಮುಳುಗುತ್ತಿತ್ತು. ಒಮ್ಮೆ ಮುಳುಗಿದರೆ ಒಂದು ಗಳಿಗೆ. ಗ್ರಹಣದ ದಿನ ಬೆಳಗಾಗುತ್ತಲೇ, ಯಾರೂ ಇಲ್ಲದ್ದು ನೋಡಿ, ಶ್ರೀಕರ ಆ ತೂತಿನ ಅಂಚಿಗೆ ಚೂರೇ ಚೂರು ಜೇನುಮೇಣ ಸವರಿದ. ಬಟ್ಟಲು ತಡವಾಗಿ ಮುಳುಗಲಿ, ಬೊಮ್ಮಣ್ಣ ತಡವಾಗಿ ಊದಲಿ, ಊರೆಲ್ಲ ನಗಲಿ.

ಹೊತ್ತು ಹುಟ್ಟಿತು. ಬೊಮ್ಮಣ್ಣ ಬಟ್ಟಲು ತೇಲಿಬಿಟ್ಟು, ತಾಳ ಹಾಕುತ್ತ ಹಾಡತೊಡಗಿದ. ದಿನವೂ ಹಾಡುವ ಅದೇ ಹಾಡು. ಅದನ್ನು ಮೂರು ಸಲ ಹಾಡಿ ಮುಗಿಸುವುದಕ್ಕೂ ಬಟ್ಟಲು ಮುಳುಗುವುದಕ್ಕೂ ಸರಿಹೋಗುತ್ತಿತ್ತು.

ಶ್ರೀಕರ ಮರದ ಮರೆಯಿಂದ ನೋಡುತ್ತಿದ್ದ.

ಹಾಡು ಮೂರನೆಯ ಸಲ ಮುಗಿಯಿತು. ಬಟ್ಟಲು ಇನ್ನೂ ತೇಲುತ್ತಲೇ ಇತ್ತು. ಬೊಮ್ಮಣ್ಣ ಅದನ್ನೆತ್ತಿ, ತಿರುಗಿಸಿ ನೋಡಿ, ಉಗುರಿನಿಂದ ಮೇಣ ಕೆರೆದು ತೆಗೆದ. ಕಳೆದ ಗಳಿಗೆಗೆ ಮರಳ ಮೇಲೊಂದು ಗೆರೆ ಎಳೆದ. ಬಟ್ಟಲನ್ನು ಮತ್ತೆ ತೇಲಿಬಿಟ್ಟು ಹಾಡು ಮುಂದುವರಿಸಿದ. ಅತ್ತಿತ್ತ ನೋಡಲೂ ಇಲ್ಲ.

ಹನ್ನೊಂದನೆಯ ಗೆರೆಗೆ ಶಂಖ ಮೊಳಗಿತು. ಗ್ರಹಣ ನೋಡಲೆಂದು ಇಟ್ಟಿದ್ದ ಹರಿವಾಣದ ಅರಿಸಿನ ನೀರಿನಲ್ಲಿ ಸೂರ್ಯನ ಬಿಂಬದ ಅಂಚು ಆಗತಾನೇ ಕಪ್ಪಾಗುತ್ತಿತ್ತು.

ಗ್ರಹಣ ಬಿಟ್ಟ ಮೇಲೆ ಶ್ರೀಕರ ಗುರುಗಳ ಬಳಿಗೆ ಬಂದ. ತಡೆದುಕೊಳ್ಳಲಾಗಲಿಲ್ಲ.

“ಇದು ನ್ಯಾಯವಲ್ಲ, ಗುರುಗಳೇ. ಗಣಿತದಲ್ಲಿ ಅವನು ನನಗಿಂತ ಕೂದಲೆಳೆಯಷ್ಟೂ ಮೇಲಲ್ಲ. ಬಟ್ಟಲು ನಿಧಾನವಾದದ್ದು ಅವನಿಗೆ ತಿಳಿದದ್ದು ಹಾಡಿನಿಂದ, ಗಣಿತದಿಂದಲ್ಲ.”

ಗುರುಗಳು ತಲೆಯೆತ್ತಿದರು.

“ಬಟ್ಟಲು ನಿಧಾನವಾಗಿತ್ತೇ? ಬೊಮ್ಮಣ್ಣ ಯಾರಿಗೂ ಹೇಳಲಿಲ್ಲವಲ್ಲ.”

ಶ್ರೀಕರ ಗುರುಗಳ ಕಾಲಿಗೆ ಬಿದ್ದ.

“ಮೇಣ ಸವರಿದವನು ನಾನೇ. ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಈಗಲೂ ಉರೀತಿದೆ. ನನ್ನನ್ನು ಕಳಿಸಿಬಿಡಿ, ಗುರುಗಳೇ.”

“ಎಲ್ಲಿಗೂ ಹೋಗಬೇಡ. ನಾಳೆ ಸಂಜೆಯಿಂದ ಅವನ ಹತ್ತಿರ ಹಾಡು ಕಲಿ.”

ಬೈಸಿಕೊಳ್ಳಲು ಸಿದ್ಧನಾಗಿದ್ದ ಶ್ರೀಕರ ಈ ಮಾತಿಗೆ ದಿಗಿಲುಬಿದ್ದ.

“ಅವನ ಹತ್ತಿರವೇ? ನನ್ನ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲವಲ್ಲ. ನನಗೇಕೆ ಹಾಡು?”

ಗುರುಗಳು ಬಟ್ಟಲನ್ನು ಒರೆಸಿ ಅವನ ಕೈಗಿಟ್ಟರು.

“ಬಟ್ಟಲಿಗೆ ತನ್ನ ತೂತಿನ ಮೇಣ ಕಾಣೋದಿಲ್ಲ, ಮಗು. ಪಕ್ಕದಲ್ಲಿ ಯಾರಾದರೂ ಹಾಡ್ತಿರಬೇಕು.”