ಬಿಚ್ಚಿಟ್ಟ ಟಾರ್ಚು

"ಕೈಗೆತ್ತಿಕೊಂಡ ಕೆಲಸ ಇನ್ನೂ ಚೆನ್ನಾಗಬಹುದು ಎಂದು ಮನಸ್ಸು ಪೀಡಿಸುತ್ತಲೇ ಇರುತ್ತದೆ, ಗುರುಗಳೇ. ಕೆಲಸವನ್ನು ಎಲ್ಲಿಗೆ ನಿಲ್ಲಿಸಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ರೇಡಿಯೊ, ಮಿಕ್ಸಿ ರಿಪೇರಿ ಮಾಡುವವನೊಬ್ಬನಿದ್ದ. ಅವನ ಅಕ್ಕ ದನಗಳ ವೈದ್ಯೆ. ಹಸು ಕರು ಹಾಕಲು ಕಷ್ಟಪಟ್ಟರೆ ಸುತ್ತಲಿನವರು ಅವಳನ್ನೇ ಕರೆಯುತ್ತಿದ್ದರು. ಕೊಟ್ಟಿಗೆಯ ಕತ್ತಲಲ್ಲಿ ಎರಡು ಕೈಗೂ ಕೆಲಸ. ಅದಕ್ಕೇ ಅವಳು ಎಲ್‌ಇಡಿ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಹಲ್ಲು ಅದರ ಗುಂಡಿಗೆ ತಾಕಿದರೆ ಬೆಳಕು ಮಂಕಾಗುತ್ತಿತ್ತು. ಮತ್ತೆ ತಾಕಿದರೆ ಪಕಪಕ ಮಿಟುಕುತ್ತಿತ್ತು. ಹಸು ಬೆದರಿ ಒದೆಯುತ್ತಿತ್ತು.

"ತಮ್ಮಾ, ಒಮ್ಮೆ ಹತ್ತಿದರೆ ನಾನು ಆರಿಸಲು ಗುಂಡಿ ಒತ್ತಿ ಹಿಡಿಯುವ ತನಕ ಒಂದೇ ಸಮ ಉರಿಯಲಿ. ಬೇರೇನೂ ಬೇಡ" ಎಂದು ಅವಳು ಟಾರ್ಚ್ ಕೊಟ್ಟಳು.

ಅವನು ಅದನ್ನು ಬಿಚ್ಚಿದ. ಬೆಳಕನ್ನು ನಿಯಂತ್ರಿಸುವ ಪುಟ್ಟ ಸರ್ಕ್ಯೂಟಿನಿಂದ ಹಳೆಯ ಚಿಪ್ ಕಿತ್ತು, ತಾನೇ ಪ್ರೋಗ್ರಾಂ ಬರೆದ ಮೈಕ್ರೋಕಂಟ್ರೋಲರ್ ಎಂಬ ಹೊಸ ಚಿಪ್ಪನ್ನು ಬೆಸುಗೆ ಹಾಕಿದ. ಟಾರ್ಚ್ ಅಕ್ಕ ಹೇಳಿದಂತೆಯೇ ಉರಿಯಿತು. ಅಂದೇ ಕೊಟ್ಟುಬಿಡಬಹುದಿತ್ತು. ಆದರೆ ಬ್ಯಾಟರಿ ಮುಗಿಯುವ ಮೊದಲೇ ಅದು ಸೂಚನೆ ಕೊಟ್ಟರೆ ಚೆನ್ನ ಅನ್ನಿಸಿತು. ಅದನ್ನು ಮಾಡಿದ. ಬಿಸಿಯಾದಾಗ ಬೆಳಕು ತಾನಾಗಿ ತುಸು ತಗ್ಗಿದರೆ? ಅದನ್ನೂ ಸೇರಿಸಿದ. ಊಟಕ್ಕೆ ಕೂತರೂ ಬೆರಳು ತಟ್ಟೆಯ ಅಂಚನ್ನೇ ಗುಂಡಿಯಂತೆ ಒತ್ತುತ್ತಿತ್ತು. ಮಲಗಿದರೆ ಮತ್ತೇನೋ ಹೊಳೆದು ಎದ್ದು ಕೂರುತ್ತಿದ್ದ. ಅಕ್ಕ ಬಂದಾಗಲೆಲ್ಲ "ನಾಳೆ ಕೊಡ್ತೇನೆ" ಅನ್ನುತ್ತಿದ್ದ.

ಒಂದು ಸಂಜೆ ರೈತನೊಬ್ಬ ಓಡಿಬಂದ. ಅವನ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಅಕ್ಕ ಟಾರ್ಚಿಗಾಗಿ ತಮ್ಮನ ಬಳಿಗೆ ಬಂದಳು. ಅವನು ಹಳೆಯ ಪ್ರೋಗ್ರಾಂ ಅಳಿಸಿ ಹೊಸದನ್ನು ಹಾಕುತ್ತಿದ್ದ. ಟಾರ್ಚ್ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು.

"ಸ್ವಲ್ಪ ಕೂತಿರಕ್ಕಾ, ಇನ್ನೇನು ಆಗಿಹೋಯಿತು."

ಅವಳು ಕೂರಲಿಲ್ಲ, ರೈತನ ಜೊತೆ ಹೊರಟಳು. ಕೊಟ್ಟಿಗೆಯಲ್ಲಿ ರೈತ ತನ್ನ ಮೊಬೈಲಿನ ಬೆಳಕು ಹಿಡಿದ. ಅವನ ಕೈ ನಡುಗಿದಂತೆಲ್ಲ ಬೆಳಕೂ ನಡುಗಿತು. ಅಕ್ಕ ಹೇಗೋ ಕರುವನ್ನು ಹೊರಗೆಳೆದಳು. ಹಸುವಿನ ಒಳಗೆ ರಕ್ತನಾಳ ಹರಿದದ್ದು ಅವಳಿಗೆ ಕಾಣಲಿಲ್ಲ.

ತಮ್ಮ ಟಾರ್ಚ್ ಜೋಡಿಸಿಕೊಂಡು ಏದುಸಿರು ಬಿಡುತ್ತ ಓಡಿದ. ಬಾಗಿಲಲ್ಲೇ ಹತ್ತಿಸಿದ. ಬೆಳಕು ಕದಲದೆ ಮೂಲೆ ಮೂಲೆಗೂ ಹರಡಿತು. ಅದರಲ್ಲಿ ಅವನಿಗೆ ಒದ್ದೆ ಕರು ಕಂಡಿತು, ಅಲುಗದ ಹಸು ಕಂಡಿತು, ಮೊಣಕೈವರೆಗೆ ರಕ್ತವಾದ ಅಕ್ಕ ಕಂಡಳು.

ಗುರುಗಳು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಅಕ್ಕ ಅವನನ್ನು ಬೈದಳೇ?"

"ಇಲ್ಲ. ಆಮೇಲೆ ಅವಳು ಅವನನ್ನು ಏನನ್ನೂ ಮಾಡಿಕೊಡು ಎಂದು ಎಂದೂ ಕೇಳಲಿಲ್ಲ."