ಕಂಬಳಿ ಹೈಸ್ಕೂಲು

ರಾಣೇಬೆನ್ನೂರಿನ ಹೊರವಲಯದಲ್ಲಿ, ಬೈಪಾಸ್ ರಸ್ತೆಗೆ ಹತ್ತಿರವಾಗಿ, ಕರಿಹಟ್ಟಿ ಎಂಬ ಬಡಾವಣೆಯಿದೆ. ಅಲ್ಲಿನ ಸರ್ಕಾರಿ ಪ್ರೌಢಶಾಲೆಗೆ ಈಗ ಮಹಡಿ ಕಟ್ಟಡವಿದೆ, ಗೇಟಿನ ಮೇಲೆ ದೊಡ್ಡ ಅಕ್ಷರಗಳ ಫಲಕವೂ ಇದೆ. ಆ ಫಲಕದ ಹೆಸರು ಹೇಳಿದರೆ ಆಟೋದವರು ಸುಮ್ಮನೆ ಮುಖ ನೋಡುತ್ತಾರೆ. 'ಕಂಬಳಿ ಹೈಸ್ಕೂಲು' ಎಂದರೆ ಮಾತ್ರ ಗಾಡಿ ತಿರುಗುತ್ತದೆ. ಈ ಹೆಸರು ಒಂದು ಮಧ್ಯಾಹ್ನದ ಭಯದಿಂದ ಹುಟ್ಟಿದ್ದು ಎನ್ನುತ್ತಾರೆ ಅಲ್ಲಿನ ಹಿರಿಯರು.

ಹಿಂದೆ ಒಮ್ಮೆ, ಊರು ಇತ್ತ ಇನ್ನೂ ಬೆಳೆಯದಿದ್ದ ಕಾಲದಲ್ಲಿ, ಇಲ್ಲಿದ್ದುದು ಒಂದು ಅತ್ತಿಮರ, ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಆಗಷ್ಟೇ ತೆರೆದ ಹೈಸ್ಕೂಲು, ಎದುರಿಗೆ ಮೈಲವ್ವನ ಕಲ್ಲುಮನೆ. ಮೈಲವ್ವ ಒಂಟಿ ಹೆಂಗಸು. ಕಂಬಳಿ ನೇಯ್ದು ಸಂತೆಗೆ ಒಯ್ಯುತ್ತಿದ್ದಳು. ಅವಳ ಗಂಡ ಕುರಿ ಕಾಯುವಾಗ ಅವಳ ಕಣ್ಣೆದುರೇ ಹೆಜ್ಜೇನು ಮುತ್ತಿ ಸತ್ತಿದ್ದ. ಅಂದಿನಿಂದ ಒಂದು ನೊಣ ಗುಂಯ್ ಎಂದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಆ ಬೇಸಿಗೆಯಲ್ಲಿ ಅತ್ತಿಮರಕ್ಕೇ ಹೆಜ್ಜೇನು ಕಟ್ಟಿತು. ಮೈಲವ್ವ ಕಿಟಕಿಗೆ ಗೋಣಿ ತುರುಕಿ, ಕತ್ತಲಲ್ಲೇ ಮಗ್ಗಕ್ಕೆ ಕೂರತೊಡಗಿದಳು.

ಒಂದು ಮಧ್ಯಾಹ್ನ ಮಕ್ಕಳು ಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದ ಹೊತ್ತಿಗೆ ಹದ್ದೊಂದು ಬಂದು ಜೇನುಹುಟ್ಟಿಗೆ ಎರಗಿತು. ಹರಿದ ಹುಟ್ಟು ನೆಲಕ್ಕೆ ಬಿದ್ದದ್ದೇ ತಡ, ಮರಕ್ಕೆ ಮರವೇ ಮೊರೆಯತೊಡಗಿತು. ಆ ಸದ್ದು ಕೇಳಿದ ಮೈಲವ್ವ ಧಾವಿಸಿ ಬಾಗಿಲಿಗೆ ಚಿಲಕ ಹಾಕಿದಳು. ತಗಡಿನ ಶೆಡ್ಡಿಗೆ ಗೋಡೆಯೇ ಇರಲಿಲ್ಲ. ಡ್ರಿಲ್ ಮಾಸ್ತರು ಫಕ್ಕೀರಪ್ಪ ಮಕ್ಕಳನ್ನು ದಬ್ಬಿಕೊಂಡು ಕಲ್ಲುಮನೆಗೇ ಓಡಿ ಬಂದರು.

"ಯವ್ವಾ, ಬಾಗಿಲಾ ತಗಿ! ಹುಡುಗೂರನ್ನ ಮುತ್ಯಾವು!"

"ನನ್ನ ಕೈಲೆ ಆಗಂಗಿಲ್ರೀ ಮಾಸ್ತರ, ಅವು ಒಳಗ ಬರತಾವು!"

ಬಾಗಿಲ ಮೇಲೆ ಎಷ್ಟೋ ಕೈಗಳು ಬಡಿಯುತ್ತಿದ್ದವು. ಮೈಲವ್ವ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಳು. ಅಷ್ಟರಲ್ಲಿ ಒಬ್ಬ ಹುಡುಗಿ ಕ್ಷೀಣವಾಗಿ, "ಅಜ್ಜೀ, ಕಣ್ಣು ಕಾಣವಲ್ದು" ಎಂದಳು. ಗಂಡ ಕೊನೆಗೆ ಕೂಗಿದ್ದೂ ಅದೇ ಮಾತು. ಅಂದು ಅವಳು ಅವನನ್ನು ಬಿಟ್ಟು ಓಡಿಹೋಗಿ ಕುರಿಹಟ್ಟಿಯ ಗುಡಿಸಲು ಸೇರಿಕೊಂಡಿದ್ದಳು.

ಮೈಲವ್ವ ಚಿಲಕ ತೆಗೆದಳು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಒಳನುಗ್ಗಿದರು, ಜೊತೆಗೆ ಹುಳುಗಳೂ. ಸಂತೆಗೆಂದು ಮಡಿಸಿಟ್ಟ ಕಂಬಳಿಗಳನ್ನೆಲ್ಲ ಹರಡಿ ಅವಳು ಮಕ್ಕಳನ್ನು ಮುಚ್ಚಿದಳು. ಹಿಂದೆ ಉಳಿದಿದ್ದ ಮಾಸ್ತರು ಅಂಗಳದಲ್ಲಿ ಕುಸಿದಿದ್ದರು. ಮೈಲವ್ವ ಉಳಿದೊಂದು ಕಂಬಳಿ ಹೊದ್ದು, ದೇವರನ್ನು ಬೈಯುತ್ತ, ಅಳುತ್ತ ಹೊರಗೆ ಹೋಗಿ ಅವರನ್ನು ಎಳೆದು ತಂದಳು. ಮಕ್ಕಳೆಲ್ಲ ಉಳಿದರು. ಮಾಸ್ತರಿಗೆ ಒಂದು ಕಣ್ಣು ಹೋಯಿತು, ಜೀವ ಉಳಿಯಿತು. ಮುಂದೆ ಅವರು, "ಈಗರ ಹೆದರಿಕಿ ಹೋತೇನವ್ವಾ?" ಎಂದು ಕೇಳಿದಾಗ, "ಎಲ್ಲಿ ಹೋಗತೈತ್ರೀ! ಅವತ್ತ ಅದೂ ನನ್ನ ಕೂಡ ಅಂಗಳಕ್ಕ ಬಂದಿತ್ತು" ಎಂದಳಂತೆ.

ಸಾಯುವ ಮೊದಲು ಅವಳು ಮನೆಯನ್ನು ಶಾಲೆಗೇ ಬಿಟ್ಟಳು. ಹತ್ತನೆಯ ತರಗತಿ ಈಗ ಅಲ್ಲೇ ನಡೆಯುತ್ತದೆ. ಅತ್ತಿಮರಕ್ಕೆ ಇಂದಿಗೂ ಹೆಜ್ಜೇನು ಕಟ್ಟುತ್ತದೆ. ಜೇನು ಕಟ್ಟಿದ ದಿನಗಳಲ್ಲಿ ಅಲ್ಲಿಗೆ ಹೋದವರು, ಮಕ್ಕಳು ಮರದಡಿ ಪಿಸುಮಾತೂ ಆಡದೆ ದಾಟುವುದನ್ನೂ, ದಾಟುವಾಗ ಕಲ್ಲುಮನೆಯ ಬಾಗಿಲು ತೆರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದನ್ನೂ ಕಾಣಬಹುದು.