ಸದ್ದು ಬಾರದ ಕೀ

ನೇತ್ರಾವತಿಯ ದಡದಲ್ಲಿ ಪಸ್ಕಾಲ್ ಮಾಷ್ಟ್ರ ಮನೆ. ಅಲ್ಲೊಂದು ಹಳೆಯ ಪಿಯಾನೋ. ಅದರ ನಡುವಿನ ಒಂದು ಬಿಳಿ ಕೀ ಒತ್ತಿದರೆ ಸದ್ದೇ ಬರುವುದಿಲ್ಲ.

"ಮಾಷ್ಟ್ರೇ, ಇದನ್ನು ಸರಿ ಮಾಡಿಸಬಾರದಾ? ಅಪ್ಪನಿಗೆ ಹೇಳಿದ್ರೆ ನಾಳೆಯೇ ಜನ ಕಳಿಸ್ತಾರೆ" ಎಂದಳು ಮೆಲಿಟಾ. ಹಂಚಿನ ಕಾರ್ಖಾನೆಯ ಧಣಿಯ ಮಗಳು. ಅವಳ ಮನೆಯಲ್ಲಿ ಹೊಚ್ಚಹೊಸ ಪಿಯಾನೋ ಉಂಟು.

"ಮಾಡಿಸುವ. ಸಮಯ ಬರಲಿ" ಎಂದರು ಮಾಷ್ಟ್ರು.

ಜೊತೆಗೆ ಪಾಠಕ್ಕೆ ಬರುವ ಸುಗಂಧಿ ಕಿಸಕ್ಕನೆ ನಕ್ಕಳು. ಇವಳ ಅಮ್ಮ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಮಾರುವವಳು. ಇವಳಿಗೆ ಇರುವುದು ಮಾಷ್ಟ್ರ ಪಿಯಾನೋ ಒಂದೇ. ಆ ಕೀ ಬಂದಾಗಲೆಲ್ಲ ಬೆರಳು ಸುಮ್ಮನೆ ಒತ್ತುತ್ತಿತ್ತು, ಸ್ವರವನ್ನು ಬಾಯಿ ಹಾಡುತ್ತಿತ್ತು. ಅದೇ ಅಭ್ಯಾಸವಾಗಿಬಿಟ್ಟಿತ್ತು.

ಇಬ್ಬರೂ ಜೀವದ ಗೆಳತಿಯರು. ನುಡಿಸಲು ಕೂತರೆ ಮಾತ್ರ ಹಾವು ಮುಂಗುಸಿ!

ಪಟ್ಟಣದ ದೊಡ್ಡ ಸ್ಪರ್ಧೆಗೆ ಮಾಷ್ಟ್ರು ಒಬ್ಬಳನ್ನೇ ಕಳಿಸಬಹುದು. ಗೆದ್ದವಳಿಗೆ ಸಂಗೀತ ಶಾಲೆಯಲ್ಲಿ ಸೀಟು. ಯಾರು ಹೋಗುವುದೆಂದು ಇವತ್ತೇ ತೀರ್ಮಾನ.

"ನೋಡ್ತಾ ಇರು ಮಾರಾಯ್ತಿ, ಇವತ್ತು ನಿನ್ನ ಕಥೆ ಮುಗೀತು" ಎನ್ನುತ್ತ ಮೆಲಿಟಾ ಕೂತಳು.

"ಮಾತು ಸಾಕು, ಮೊದಲು ನುಡಿಸು" ಎಂದಳು ಸುಗಂಧಿ.

ಅಬ್ಬಾ, ಏನು ನುಡಿಸಿದಳು! ಹೊಳೆಯಲ್ಲಿ ದೋಣಿಯವನು ಹುಟ್ಟು ಹಾಕುವುದನ್ನೇ ಮರೆತ. ಅಷ್ಟರಲ್ಲಿ ಆ ಕೀ ಬಂತು. ಒತ್ತಿದಳು. ಸದ್ದಿಲ್ಲ. ಕೈ ಗಕ್ಕನೆ ನಿಂತಿತು.

ಹಿಂದಿನಿಂದ ಸುಗಂಧಿ ಆ ಸ್ವರವನ್ನು ಹಾಡಿಬಿಟ್ಟಳು! ಹಾಡಿದ ಮೇಲೆ ಬಾಯಿ ಮುಚ್ಚಿಕೊಂಡಳು. ಮೆಲಿಟಾ ಅದನ್ನೇ ಹಿಡಿದು ಕೊನೆಯವರೆಗೂ ನುಡಿಸಿದಳು.

ಈಗ ಸುಗಂಧಿಯ ಸರದಿ. ಆ ಕೀ ಬಂದರೂ ಅವಳ ಕೈ ನಿಲ್ಲಲಿಲ್ಲ. ಅವಳ ದನಿ ಎದ್ದಿತು, ಜೊತೆಗೆ ಇನ್ನೊಂದು ದನಿಯೂ. ಮೆಲಿಟಾ ಮೈಮರೆತು ಎದ್ದು ನಿಂತು ಹಾಡುತ್ತಿದ್ದಳು.

ಮುಗಿದದ್ದೇ ತಡ, ಜಗಳ.

"ನೀನ್ಯಾಕೆ ಹಾಡಿದ್ದು?" ಎಂದಳು ಸುಗಂಧಿ.

"ಮೊದಲು ಹಾಡಿದ್ದು ಯಾರು? ಸುಮ್ಮನಿದ್ದಿದ್ರೆ ನೀನೇ ಗೆಲ್ತಿದ್ದಿಯಲ್ಲ, ಪೆದ್ದಿ!"

ಮಾಷ್ಟ್ರು ಕೈ ಎತ್ತಿದರು. "ಸುಗಂಧಿ ಹೋಗಲಿ. ಸದ್ದು ಬಾರದಾಗಲೂ ಅವಳು ನಿಲ್ಲಲಿಲ್ಲ."

ಸುಗಂಧಿ ಕುಣಿದೇಬಿಟ್ಟಳು. ಗೆಳತಿಯ ಮುಖ ನೋಡಿ ಅರ್ಧಕ್ಕೇ ನಿಂತಳು.

"ಅನ್ಯಾಯ ಮಾಷ್ಟ್ರೇ! ಇದು ಅವಳು ದಿನಾ ನುಡಿಸುವ ಪಿಯಾನೋ!"

"ಹೌದು" ಎಂದರು ಮಾಷ್ಟ್ರು.

ಮೆಲಿಟಾ ಅಳುತ್ತ ದಡದಡನೆ ಹೊರಟಳು. ಹೊಸ್ತಿಲ ಹತ್ತಿರ ಏನೋ ಹೊಳೆದು ತಿರುಗಿದಳು.

"ಅಯ್ಯೋ! ಸ್ಪರ್ಧೆಯ ಪಿಯಾನೋದಲ್ಲಿ ಆ ಕೀ ಸದ್ದು ಮಾಡ್ತದೆ! ಇವಳು ಬೆಚ್ಚಿಬೀಳ್ತಾಳೆ. ಎಲ್ಲರ ಎದುರು ಬಾಯಲ್ಲೂ ಹಾಡಿಬಿಡ್ತಾಳೆ!"

ಸುಗಂಧಿಯ ಮುಖ ಸಪ್ಪಗಾಯಿತು. ಅವಳಿಗೆ ಇದು ತೋಚಿಯೇ ಇರಲಿಲ್ಲ.

"ನಾಳೆಯಿಂದ ನಮ್ಮ ಮನೆಗೆ ಬಾ. ನನ್ನ ಪಿಯಾನೋದಲ್ಲಿ ಅಭ್ಯಾಸ ಮಾಡು" ಎಂದಳು ಮೆಲಿಟಾ.

"ನಿಮ್ಮ ಮನೆಗಾ? ನಿನ್ನ ಅಮ್ಮ ನನ್ನನ್ನು ಗೇಟಿನ ಒಳಗೆ ಬಿಟ್ಟದ್ದುಂಟಾ?"

"ಅಮ್ಮನಿಗೆ ನಾನು ಹೇಳ್ತೇನೆ. ಎದುರಿನ ಬಾಗಿಲಿಂದಲೇ ಬಾ. ಆದರೆ ಬರುವ ವರ್ಷ ನಿನ್ನನ್ನು ಬಿಡುವುದಿಲ್ಲ, ನೆನಪಿರಲಿ!"

"ನೋಡುವ, ನೋಡುವ!"

ಇಬ್ಬರೂ ಮೂಗು ಒರೆಸಿಕೊಳ್ಳುತ್ತ ನಕ್ಕರು.

ಮಾಷ್ಟ್ರು ಸದ್ದು ಬಾರದ ಆ ಕೀಯನ್ನು ಒಮ್ಮೆ ಬೆರಳಿನಿಂದ ಸವರಿದರು.

"ಸಮಯ ಬಂತು ಮೆಲಿಟಾ, ಇನ್ನು ಇದನ್ನು ಸರಿ ಮಾಡಲಿಕ್ಕೆ ಜನ ಕಳಿಸು."